ಆಯ್ತು ಬುಡಿ ಪಾಪು

ಬೆಳಿಗ್ಗೆ ಕಾಫಿ ಲೋಟ ಕೈಗೆ ಬರುವ ಮುಂಚೆಯೇ ನಮ್ಮ ಮನೆಯ ಪಾಪು ನನ್ನ ಫೋನಿಗೆ ಬಂದು ಕೂತಿರುತ್ತದೆ. ಅದು ನಮ್ಮ ಮನೆಯದೆಂದು ಕಳಿಸಿದವರಿಗೆ ಗೊತ್ತಿರುವುದಿಲ್ಲ. ನಾನು ಕನ್ನಡ ಪಾಠ ಹೇಳುವ ರಾಮನಗರದ ಶಾಲೆಯ ಶಿಕ್ಷಕರ ಗುಂಪಿನಲ್ಲಿ ಗಣಿತದ ಮೇಷ್ಟ್ರು ‘ಭಾನುವಾರವೂ ಮೀಟಿಂಗ್ ಅಂತೆ’ ಎಂದು ಬರೆದು ಅದರ ಕೆಳಗೆ ಈ ಪಾಪುವನ್ನು ಕೂರಿಸಿರುತ್ತಾರೆ. ನಮ್ಮ ಬೀದಿಯ ಹೆಂಗಸರ ಗುಂಪಿನಲ್ಲಿ ‘ಇವತ್ತೂ ನೀರು ಬಿಡಲ್ವಂತೆ’ ಎಂಬ ಸುದ್ದಿಯ ಬೆನ್ನಿಗೇ ಅದೇ ಪಾಪು ಬರುತ್ತದೆ. ನಾನು ಎಲ್ಲರಂತೆ ನಗುವ ಚಿಹ್ನೆಯೊಂದನ್ನು ಒತ್ತಿ ಕಾಫಿ ಕುಡಿಯುತ್ತೇನೆ.

ನೀವೂ ನೋಡಿರುತ್ತೀರಿ. ಕಪ್ಪು ಬಿಳುಪಿನ ಹಳೆಯ ಫೋಟೋ. ಮರದ ಕುದುರೆಯ ಮೇಲೆ ವರ್ಷ ತುಂಬದ ಒಂದು ಪಾಪು. ಮೈಮೇಲೆ ಜರಿಯಂಚಿನ ಲಂಗ, ಕೈಗೆ ಬಳೆ, ಕೆನ್ನೆಗೆ ದೊಡ್ಡದೊಂದು ದೃಷ್ಟಿಬೊಟ್ಟು, ತಲೆಗೆ ಚೌರಿ ಸೇರಿಸಿ ಹೆಣೆದ ಹೂವಿನ ಜಡೆ. ಇಷ್ಟೆಲ್ಲ ಸಿಂಗಾರ ಮಾಡಿದ್ದಕ್ಕೆ ಪಾಪುವಿಗೆ ಎಳ್ಳಷ್ಟೂ ಸಂತೋಷವಾದಂತಿಲ್ಲ. ಕಣ್ಣು ಅರ್ಧ ಮುಚ್ಚಿದೆ, ಕೆಳತುಟಿ ಮುಂದೆ ಬಂದಿದೆ, ಗಲ್ಲ ಮೇಲೆದ್ದಿದೆ. ಕಚೇರಿಯಲ್ಲಿ ‘ಸಾಹೇಬ್ರಿಲ್ಲ, ನಾಳೆ ಬನ್ನಿ’ ಎನ್ನಿಸಿಕೊಂಡು ಮೆಟ್ಟಿಲಿಳಿಯುವವರ ಮುಖ ಹೀಗಿರುತ್ತದೆ. ಜಗಳವಾಡುವ ಉತ್ಸಾಹವಿಲ್ಲ, ಒಪ್ಪಿಕೊಳ್ಳುವ ಮನಸ್ಸೂ ಇಲ್ಲ. ಯಾರೋ ಪುಣ್ಯಾತ್ಮರು ಇದಕ್ಕೆ ‘ಆಯ್ತು ಬುಡಿ ಪಾಪು’ ಎಂದು ಹೆಸರಿಟ್ಟರು. ತೊಟ್ಟಿಲು ಕಟ್ಟದೆ ನಡೆದ ಆ ನಾಮಕರಣವೇ ಗಟ್ಟಿಯಾಯಿತು.

ಇದು ನಮ್ಮಣ್ಣ ನಂಜುಂಡನ ಫೋಟೋ. ಅಂದರೆ, ಹಾಗೆಂದೇ ಮನೆಯವರೆಲ್ಲ ನಂಬಿದ್ದೆವು. ಗಂಡುಮಗುವಿಗೆ ಲಂಗ ಯಾಕೆ ಎಂದು ನಮ್ಮ ಕಡೆಯವರು ಕೇಳುವುದಿಲ್ಲ. ಮನೆದೇವರಿಗೆ ಮುಡಿ ಕೊಡುವ ಮೊದಲು, ಹುಟ್ಟುಗೂದಲು ಇನ್ನೂ ತಲೆಯ ಮೇಲಿರುವಾಗ, ಗಂಡಾಗಲಿ ಹೆಣ್ಣಾಗಲಿ ಮಗುವಿಗೆ ಜಡೆ ಹಾಕಿ, ಹೂ ಮುಡಿಸಿ, ಲಂಗ ತೊಡಿಸಿ ಸ್ಟುಡಿಯೋಗೆ ಎತ್ತಿಕೊಂಡು ಹೋಗುವುದು ಪದ್ಧತಿ. ಹೀಗಾಗಿ ನಮ್ಮ ಸೀಮೆಯ ಹಳೆಯ ಗೋಡೆಗಳ ಮೇಲೆ ಎಷ್ಟೋ ಗಂಡಸರು ಜಡೆ ಬಿಟ್ಟುಕೊಂಡು ಕೂತಿದ್ದಾರೆ. ಮೀಸೆ ತಿರುವುವ ಯಜಮಾನರ ಮನೆಗೆ ಹೋದಾಗ ನಾನು ಮೊದಲು ಗೋಡೆ ನೋಡುತ್ತೇನೆ. ಅಲ್ಲೊಂದು ಲಂಗದ ಪಾಪು ಕಂಡರೆ ಆಮೇಲೆ ಅವರ ಗದರಿಕೆಗೆ ಅಷ್ಟೇನೂ ಹೆದರಿಕೆಯಾಗುವುದಿಲ್ಲ.

ನಂಜುಂಡನ ಫೋಟೋದ ಕಥೆಯನ್ನು ಅಪ್ಪ ಹೇಳಿ ಹೇಳಿ ನಮಗೆಲ್ಲ ಬಾಯಿಪಾಠವಾಗಿತ್ತು. ಚನ್ನಪಟ್ಟಣದ ಪೇಟೆಯಲ್ಲಿ ಸಾಹೇಬರೊಬ್ಬರ ಸ್ಟುಡಿಯೋ ಇತ್ತು. ಅವರ ಅಣ್ಣ ಬೊಂಬೆ ಮಾಡುವವರು. ಹಾಲೆ ಮರವನ್ನು ಕಡೆದು, ಮರ ಗಿರಗಿರ ತಿರುಗುವಾಗಲೇ ಅರಗಿನ ಬಣ್ಣ ಒತ್ತಿ, ತಾಳೆಗರಿಯಲ್ಲಿ ಉಜ್ಜಿ ಹೊಳಪು ತಂದು, ತಮ್ಮನ ಸ್ಟುಡಿಯೋಗೆಂದೇ ಮಗು ಕೂರುವಷ್ಟು ದೊಡ್ಡ ಕುದುರೆಯೊಂದನ್ನು ಮಾಡಿಕೊಟ್ಟಿದ್ದರು. ತಲೆ, ಕಾಲು, ಕಿವಿ ಎಲ್ಲವನ್ನೂ ಬೇರೆ ಬೇರೆ ಮಾಡಿ ತೂತಿಗೆ ಸಿಕ್ಕಿಸಿದ ಕುದುರೆ. ನಂಜುಂಡನನ್ನು ಅದರ ಮೇಲೆ ಕೂರಿಸಿದರು. ಸಾಹೇಬರು ಕರಿಬಟ್ಟೆಯೊಳಗಿಂದ ಗಿಳಿಯಂತೆ ಕೂಗಿದರು. ಫೋಟೋ ಚೆನ್ನಾಗಿಯೇ ಬಿತ್ತು. ಆದರೆ ಫ್ಲಾಶ್ ಹೊಡೆದ ಮರುಕ್ಷಣ ನಂಜುಂಡ ಬೆಚ್ಚಿ, ಕೈಗೆ ಸಿಕ್ಕಿದ ಕುದುರೆ ಕಿವಿಯನ್ನು ಜಗ್ಗಿ ಕಿತ್ತೇಬಿಟ್ಟ. ಕಿತ್ತವನು ಬಾಯಿಗಿಟ್ಟುಕೊಂಡ. ಬಿಡಿಸಲು ಹೋದರೆ ಬೀದಿಗೆ ಕೇಳುವಂತೆ ಅತ್ತ. ಕೊನೆಗೆ ಸಾಹೇಬರೇ ‘ಹೋಗ್ಲಿ ಬಿಡಿ ಗೌಡ್ರೆ, ಬಚ್ಚಾ ಖುಷಿಯಾಗಿರ್ಲಿ. ಒಂದೇ ಕಿವಿ ಇದ್ರೂ ಕುದುರೆ ಕುದುರೇನೇ’ ಎಂದು ಕಳಿಸಿಕೊಟ್ಟರಂತೆ. ಆ ಕಿವಿ ಇವತ್ತಿಗೂ ಅಣ್ಣನ ಬಳಿ ಇದೆ. ಬೆರಳುದ್ದದ ಕೆಂಪು ಮರದ ತುಂಡು. ಅರಗಿನ ಮೇಲೆ ಪುಟ್ಟ ಹಲ್ಲಿನ ಗುರುತು. ಅದಕ್ಕೊಂದು ತೂತು ಕೊರೆಸಿ ಅಂಗಡಿಯ ಬೀಗದ ಕೈಗೊಂಚಲಿಗೆ ಕಟ್ಟಿಕೊಂಡಿದ್ದಾನೆ.

ನಾನು ಅವನಿಗಿಂತ ಎರಡು ವರ್ಷ ಚಿಕ್ಕವಳು. ನನ್ನನ್ನೂ ಅದೇ ಲಂಗದಲ್ಲಿ, ಅದೇ ಚೌರಿಯಲ್ಲಿ, ಅದೇ ಸ್ಟುಡಿಯೋಗೆ ಕರೆದುಕೊಂಡು ಹೋಗಿದ್ದರಂತೆ. ಎರಡು ಫೋಟೋಗಳೂ ಹಳೇಮನೆಯ ಗೋಡೆಯ ಮೇಲೆ ಪಕ್ಕಪಕ್ಕದಲ್ಲಿದ್ದವಂತೆ. ನನಗೆ ನೆನಪು ಮೂಡುವ ಮೊದಲೇ ಒಂದು ಮಳೆಗಾಲದಲ್ಲಿ ಗೋಡೆಗೆ ಗೆದ್ದಲು ಹತ್ತಿ ಒಂದನ್ನು ಪೂರ್ತಿ ತಿಂದಿತು, ಇನ್ನೊಂದರ ಅಂಚನ್ನು ರುಚಿ ನೋಡಿ ಬಿಟ್ಟಿತು. ಪೂರ್ತಿ ಹೋದದ್ದು ನನ್ನದು, ಉಳಿದದ್ದು ಅಣ್ಣನದು. ಅಂಚಿನ ಗಾಯ ಕಾಣದಿರಲೆಂದು ನಡುವೆ ಕೋಳಿಮೊಟ್ಟೆ ಆಕಾರಕ್ಕೆ ಕತ್ತರಿಸಿದ ರಟ್ಟನ್ನು ಮೇಲಿಟ್ಟು ಹೊಸ ಕಟ್ಟು ಹಾಕಿಸಿದರು. ಆ ಮೊಟ್ಟೆಯೊಳಗೆ ಪಾಪುವಿನ ಮುಖವೂ ಜಡೆಯೂ ಕಾಣುತ್ತಿದ್ದವು. ಕುದುರೆ ರಟ್ಟಿನ ಹಿಂದೆ ಉಳಿಯಿತು.

‘ನಿಂದ ಗೆದ್ಲು ತಿಂದ್ಬುಡ್ತು ಕಣವ್ವ’ ಎಂದು ಅವ್ವ ಹೇಳಿದಾಗಲೆಲ್ಲ ನಾನು ಅದನ್ನು ಹೇಳಿದ ಹಾಗೇ ಕಲ್ಪಿಸಿಕೊಳ್ಳುತ್ತಿದ್ದೆ. ಹಿಪ್ಪುನೇರಳೆ ತೋಟದ ಬದುವಿನಲ್ಲಿ ಒಂದು ಹುತ್ತವಿತ್ತು. ಅದರೊಳಗಿನ ತಂಪು ಕೋಣೆಗಳಲ್ಲಿ ನನ್ನ ಮುಖ ಚೂರುಚೂರಾಗಿ ಜೋಪಾನವಾಗಿದೆ, ಒಂದು ಕೋಣೆಯಲ್ಲಿ ಮೂಗು, ಇನ್ನೊಂದರಲ್ಲಿ ಜಡೆಯ ತುದಿ, ರಾಣಿ ಗೆದ್ದಲಿನ ಹಾಸಿಗೆಯ ಪಕ್ಕದಲ್ಲಿ ನನ್ನ ಬೊಟ್ಟು, ಹೀಗೆ. ನಾಗರಪಂಚಮಿಗೆ ಹುತ್ತಕ್ಕೆ ಹಾಲೆರೆಯುವಾಗ ಎಲ್ಲರೂ ಕೈಮುಗಿದು ಕಣ್ಣು ಮುಚ್ಚಿದರೆ ನಾನು ಬಗ್ಗಿ ಒಳಗೆ ಇಣುಕುತ್ತಿದ್ದೆ. ಹಾವಿನ ಭಯ ಇತ್ತು. ನನ್ನನ್ನೇ ಒಮ್ಮೆ ನೋಡಿಕೊಳ್ಳುವ ಆಸೆ ಅದಕ್ಕಿಂತ ದೊಡ್ಡದಿತ್ತು.

ಹೀಗಾಗಿ ನನಗೆ ಗೊತ್ತಿದ್ದ ನನ್ನ ಮೊದಲ ಮುಖ ನಾಲ್ಕನೇ ಕ್ಲಾಸಿನ ಗುಂಪುಚಿತ್ರದ್ದು. ಅದರಲ್ಲೂ ಮುಂದಿನವಳ ರಿಬ್ಬನ್ನಿನ ಹಿಂದೆ ನನ್ನ ಅರ್ಧ ಹಣೆ ಮಾತ್ರ ಇದೆ. ಮುಂದೆ ನನ್ನ ಮಗಳ ಶಾಲೆಯಲ್ಲಿ ‘ಅಮ್ಮನ ಬಾಲ್ಯದ ಚಿತ್ರ ತನ್ನಿ’ ಎಂದಾಗ ಅವಳು ಆ ಅರ್ಧ ಹಣೆಯನ್ನೇ ತೆಗೆದುಕೊಂಡು ಹೋದಳು. ನಗುತ್ತಲೇ ಕಳಿಸಿದೆ, ಆದರೆ ಒಳಗೆ ನೋವಾಗಿತ್ತು. ಎಲ್ಲರೂ ಮಗುವಾಗಿ ಶುರುವಾದರೆ ನಾನೊಬ್ಬಳು ನಾಲ್ಕನೇ ಕ್ಲಾಸಿನಿಂದ ಶುರುವಾದವಳು. ಐವತ್ತು ದಾಟಿದ ಹೆಂಗಸಿಗೆ ಇಂಥ ದುಃಖ ಇದೆಯೆಂದರೆ ಯಾರಾದರೂ ನಕ್ಕಾರು. ನಗಲಿ, ದುಃಖ ಇದ್ದದ್ದು ನಿಜ.

ಈ ಸಲ ಗೌರಿಹಬ್ಬದ ಮುಂಚೆ ಅಣ್ಣ ಮನೆಗೆ ಬಣ್ಣ ಹೊಡೆಸಿದ. ಗೋಡೆಯಿಂದ ಇಳಿಸುವಾಗ ಫೋಟೋದ ಗಾಜು ಒಡೆಯಿತು. ಅಣ್ಣನ ಮಗಳು ಕಾವ್ಯ, ಚನ್ನಪಟ್ಟಣದಲ್ಲಿ ಡಿಗ್ರಿ ಓದುವವಳು, ಫೋಟೋವನ್ನು ಕಟ್ಟಿನಿಂದ ಬಿಡಿಸಿ, ಜಗಲಿಯ ಬಿಸಿಲಿಗಿಟ್ಟು, ಮೊಬೈಲಿನಲ್ಲಿ ತೆಗೆದು, ‘ನಮ್ಮಪ್ಪ’ ಎಂದು ಬರೆದು ನೆಂಟರ ಗುಂಪಿಗೆ ಹಾಕಿದಳು. ಅಲ್ಲಿಂದ ಅದು ಹೊರಬಿದ್ದದ್ದು ಹೇಗೆಂದು ಈವರೆಗೆ ಯಾವ ನೆಂಟರೂ ಒಪ್ಪಿಕೊಂಡಿಲ್ಲ. ನೋಡನೋಡುತ್ತ ಪಾಪು ಬಿಡದಿಯ ಕಾರ್ಖಾನೆಗಳ ಶಿಫ್ಟ್ ಬಸ್ಸು ಹತ್ತಿ ‘ನಾಳೆ ರಜಾ ಕ್ಯಾನ್ಸಲ್’ ಎನ್ನತೊಡಗಿತು. ಮಾಗಡಿ ಕಡೆಯ ಮದುವೆಮನೆಯಿಂದ ‘ನಮ್ ಪಂಕ್ತಿಗೆ ಬರೋ ಹೊತ್ಗೆ ಪಾಯಸ ಖಾಲಿ’ ಎಂದು ಬಂತು. ಕ್ರಿಕೆಟ್ ಸೋತ ದಿನ ಪಾಪುವಿಗೆ ಪುರುಸೊತ್ತೇ ಇರಲಿಲ್ಲ. ಯಾರೋ ಬಣ್ಣ ತುಂಬಿ ಲಂಗವನ್ನು ಗಿಳಿಹಸಿರು ಮಾಡಿದರು. ‘ಕುಂಕುಮದ ಬಣ್ಣ ಕಣ್ರಲಾ ಅದು, ನಿಮ್ ಕಣ್ ಸೇದೋಗ’ ಎಂದು ಅವ್ವ ಫೋನಿಗೇ ಬೈದಳು.

ಅಣ್ಣನಿಗೆ ಇದರಿಂದ ಆದ ಉಪಕಾರವನ್ನು ಹೇಳಲೇಬೇಕು. ಹಳೇ ಮೈಸೂರು ರಸ್ತೆಯಲ್ಲಿ ಅವನದು ಬೊಂಬೆ ಅಂಗಡಿ. ಹೊಸ ಹೆದ್ದಾರಿ ಊರ ಹೊರಗೇ ಹಾದುಹೋದ ಮೇಲೆ ಕಾರುಗಳು ಅತ್ತಲೇ ಹೋದವು; ಅಣ್ಣ ಬೊಂಬೆಗಳ ಧೂಳು ಒರೆಸುತ್ತ, ಒರೆಸಿದ್ದನ್ನೇ ಮತ್ತೆ ಒರೆಸುತ್ತ ಕೂರುತ್ತಿದ್ದ. ಕಾವ್ಯ ಪಾಪುವಿನ ಚಿತ್ರವನ್ನು ಆಳೆತ್ತರ ಮಾಡಿಸಿ ಅಂಗಡಿಯ ಮುಂದೆ ನಿಲ್ಲಿಸಿ ‘ಆಯ್ತು ಬುಡಿ ಪಾಪು ಈಗ ಇಲ್ಲೇ ಅವ್ರೆ’ ಎಂದು ಬೋರ್ಡು ಬರೆಸಿದಳು. ಜನ ಹೆದ್ದಾರಿ ಬಿಟ್ಟು ಒಳಗೆ ಬಂದರು. ಅಣ್ಣನ ಹೆಗಲ ಮೇಲೆ ಕೈಹಾಕಿ, ‘ಅಂಕಲ್, ಆ ಮುಖ ಮಾಡಿ’ ಎಂದು ಫೋಟೋ ಹೊಡೆಸಿಕೊಂಡರು. ಪಾಪ, ಅಣ್ಣ ಕನ್ನಡಿ ಮುಂದೆ ನಿಂತು ಅಭ್ಯಾಸವನ್ನೂ ಮಾಡಿದ. ಅವನದು ಹುಟ್ಟಾ ನಗುಮುಖ. ಕಣ್ಣು ಅರ್ಧ ಮಾಡಿದರೆ ಊಟವಾದ ಮೇಲೆ ತೂಕಡಿಸುವವನಂತೆ ಕಾಣುತ್ತಿದ್ದ. ಜನಕ್ಕೆ ಅದೂ ಇಷ್ಟವಾಯಿತು.

ಅವ್ವನಿಗೆ ಮಾತ್ರ ಇದೆಲ್ಲ ಹಿಡಿಸಲಿಲ್ಲ. ಅವ್ವ ರೇಷ್ಮೆಹುಳು ಮೇಯಿಸಿ ನಮ್ಮನ್ನು ಬೆಳೆಸಿದವಳು. ಹುಳು ಮನೆಯಲ್ಲಿದ್ದಷ್ಟು ದಿನ ಹೊರಗಿನವರ ಕಣ್ಣು ತಟ್ಟೆಯ ಮೇಲೆ ಬೀಳಬಾರದು. ಬಾಗಿಲಿಗೆ ಬೇವಿನ ಸೊಪ್ಪು ಸಿಕ್ಕಿಸಿ, ಬಂದ ನೆಂಟರನ್ನು ಜಗಲಿಯಲ್ಲೇ ಕೂರಿಸಿ, ನೀರು ಕೊಟ್ಟು ಮಾತಾಡಿಸಿ ಕಳಿಸುತ್ತಿದ್ದಳು. ಹುಳು ಜ್ವರಕ್ಕೆ ಕೂತಾಗ, ಅಂದರೆ ಮೇವು ಬಿಟ್ಟು ತಲೆಯೆತ್ತಿಕೊಂಡು ನಿದ್ದೆ ಮಾಡುತ್ತ ಪೊರೆ ಕಳಚುವ ದಿನಗಳಲ್ಲಿ, ನಾವು ಮಕ್ಕಳು ಪಿಸುಮಾತಿನಲ್ಲೇ ಜಗಳವಾಡಬೇಕಿತ್ತು. ಆ ದಿನಗಳ ಮನೆ ನನಗೆ ಈಗಲೂ ಕನಸಿನಲ್ಲಿ ಬರುತ್ತದೆ. ಮಬ್ಬು ಬೆಳಕು, ಸೊಪ್ಪಿನ ಹಸಿ ವಾಸನೆ, ಸಾವಿರಾರು ಪುಟ್ಟ ತಲೆಗಳ ನಿದ್ದೆ, ನಡುವೆ ಬೆರಳ ತುದಿಯಲ್ಲಿ ನಡೆಯುವ ಅವ್ವ. ಹುಳುವಿಗೇ ಅಷ್ಟು ಮರೆ ಮಾಡಿದವಳ ಮಗನನ್ನು ಈಗ ಲೋಕವೇ ಕಣ್ಣುಬಿಟ್ಟು ನೋಡುತ್ತಿತ್ತು.

‘ಒಂದು ಬೀದಿ ಕಣ್ಣಾದ್ರೆ ತೆಗೀಬೋದು. ಇದು ಯಾವ್ಯಾವ ದೇಸದ ಕಣ್ಣೋ’ ಎಂದು ಅವ್ವ ಕೊರಗಿದಳು. ಅಣ್ಣನಿಗೆ ನೆಗಡಿಯಾದರೆ ಅದೇ ಕಾರಣ, ಬೆರಳಿಗೆ ಮೊಳೆ ಚುಚ್ಚಿದರೆ ಅದೇ ಕಾರಣ. ಸಂಜೆ ಅಂಗಡಿಯಿಂದ ಬಂದವನನ್ನು ಹೊಸಿಲಲ್ಲೇ ನಿಲ್ಲಿಸಿ ಉಪ್ಪು ಮೆಣಸಿನಕಾಯಿ ನಿವಾಳಿಸತೊಡಗಿದಳು. ನಾಯಿ ಕಣ್ಣು ನರಿ ಕಣ್ಣುಗಳ ಜೊತೆಗೆ ಫೋನಿನ ಕಣ್ಣು, ಬೆಂಗಳೂರಿನ ಕಣ್ಣು ಎಂದು ತಾನೇ ಸೇರಿಸಿಕೊಂಡಳು. ಒಂದು ದಿನವಂತೂ ಕಾವ್ಯಳ ಫೋನು ಕಿತ್ತುಕೊಂಡು, ‘ಆವಾಗ ಇಕ್ಕಿದ್ದು ಸಾಲ್ದು’ ಎಂದು ಕಾಡಿಗೆಯ ಬೆರಳನ್ನು ಪಾಪುವಿನ ಇನ್ನೊಂದು ಕೆನ್ನೆಯ ಮೇಲೆ ಒತ್ತಿದಳು. ಬೆರಳು ತಾಗಿದ್ದೇ ಪಾಪು ಮೇಲಕ್ಕೆ ಜಾರಿಹೋಯಿತು. ಬೊಟ್ಟು ಗಾಜಿನ ಮೇಲೇ ಉಳಿದು, ಒಡವೆ ಜಾಹೀರಾತಿನ ಹೆಣ್ಣಿನ ಮೂಗಿಗೂ ಆಮೇಲೆ ವಾರ್ತೆ ಓದುವವರೊಬ್ಬರ ಹಣೆಗೂ ಕೂತಿತು. ‘ಹೋಗ್ಲಿ, ಅವ್ರಿಗೂ ಒಳ್ಳೇದಾಗ್ಲಿ’ ಎಂದು ಅವ್ವ ಬೆರಳನ್ನು ಸೆರಗಿಗೆ ಒರೆಸಿಕೊಂಡಳು.

ನನಗೆ ಹಗಲುಗನಸಿನ ಚಟ. ರಾಮನಗರದಿಂದ ಚನ್ನಪಟ್ಟಣಕ್ಕೆ ರೈಲಿನಲ್ಲಿ ಹೋಗುವ ಅಷ್ಟೇ ಹೊತ್ತಿನಲ್ಲಿ ನಾನು ಒಂದು ಜನ್ಮದಷ್ಟು ಯೋಚಿಸಬಲ್ಲೆ. ಬಂಡೆಗಳು ಹಿಂದಕ್ಕೆ ಸರಿಯುತ್ತಿರುವಾಗ ಅನ್ನಿಸಿತು: ಹಿಂದಿನವರು ತಮ್ಮ ಮುಖ ಉಳಿಯಲೆಂದು ಕಲ್ಲನ್ನು ನಂಬಿದರು. ವೀರಗಲ್ಲುಗಳನ್ನು ನೋಡಿ. ಕೆಳಗೆ ಕಾದಾಟ, ನಡುವೆ ವೀರನನ್ನು ಎತ್ತಿಕೊಂಡು ಹೋಗುವ ಅಪ್ಸರೆಯರು, ಮೇಲೆ ದೇವರ ಸನ್ನಿಧಿ. ಸತ್ತದ್ದೂ ಸ್ವರ್ಗ ಸೇರಿದ್ದೂ ಎಲ್ಲ ಇದೆ. ಆ ವೀರ ಬೋಡುಬಾಯಲ್ಲಿ ನಕ್ಕದ್ದು, ತೊಟ್ಟಿಲಲ್ಲಿ ಕಾಲು ಬಡಿದದ್ದು ನಾನು ನೋಡಿದ ಯಾವ ಕಲ್ಲಿನಲ್ಲೂ ಇಲ್ಲ. ಅಷ್ಟುದ್ದದ ಬಿರುದು ಬರೆಸಿಕೊಂಡ ರಾಜರಲ್ಲೂ ಅಂಬೆಗಾಲಿಟ್ಟದ್ದನ್ನು ಬರೆಸಿಕೊಂಡವರು ನನ್ನ ಕಣ್ಣಿಗೆ ಬಿದ್ದಿಲ್ಲ. ಆ ಭಾಗ್ಯ ಕೃಷ್ಣನೊಬ್ಬನಿಗೇ ಇರಬೇಕು. ಹಾಗಿದ್ದ ಮೇಲೆ ನಾನೂ ರಾಜರ ಸಾಲಿನಲ್ಲೇ ನಿಂತವಳು ಎಂದು ಸಮಾಧಾನ ಮಾಡಿಕೊಂಡೆ. ಸಮಾಧಾನ ಮುಂದಿನ ಸಿಗ್ನಲ್ಲಿನವರೆಗೆ ಬಾಳಿತು.

ಆಮೇಲೆ ಕಣ್ಣು ಮಂಪರಾಗಿ, ಮರದ ಕುದುರೆ ಆ ಬಂಡೆಗಳ ನೆತ್ತಿಯ ಮೇಲೆ ಓಡುತ್ತಿರುವುದು ಕಂಡಿತು. ಮೇಲೆ ಪಾಪು. ಜಡೆ ಗಾಳಿಗೆ ಹಾರುತ್ತಿದೆ. ತೆಂಗಿನ ತೋಟ, ಹಿಪ್ಪುನೇರಳೆ, ಬೈರಮಂಗಲದ ಕೆರೆಯ ನೀರು ಎಲ್ಲ ದಾಟಿಕೊಂಡು, ಊರೂರಿನ ಅಂಗೈಗಳಲ್ಲಿ ಒಂದೊಂದು ಗಳಿಗೆ ಇಳಿದು, ಆಯ್ತು ಬುಡಿ ಎಂದು ಮತ್ತೆ ಹೊರಡುತ್ತದೆ. ಬೇಸರವಾದವರ ಮನೆಗೇ ಹುಡುಕಿಕೊಂಡು ಹೋಗುತ್ತದೆ. ಎಂಥ ಒಳ್ಳೆಯ ಕೆಲಸ! ನನಗೆ ಅಣ್ಣನ ಮೇಲೆ ಸಿಹಿಯಾದ ಹೊಟ್ಟೆಕಿಚ್ಚಾಯಿತು.

ಎಚ್ಚರವಾದಾಗ ಫೋನಿನಲ್ಲಿ ಯಾರೋ ಮತ್ತೆ ಪಾಪುವನ್ನು ಕಳಿಸಿದ್ದರು. ಅದರ ಜೊತೆಗೆ ಕನಕಪುರದ ಕಡೆಯ ಹುಡುಗನೊಬ್ಬ ಬರೆದ ಟಿಪ್ಪಣಿಯೂ ಬಂದಿತ್ತು: ‘ಪಾಪು ಸುಮ್ನೆ ಬೇಜಾರಾಗಿಲ್ಲ ಕಣ್ರೋ. ಕುದುರೆಗೆ ಒಂದೇ ಕಿವಿ ಐತೆ, ಸರ್ಯಾಗಿ ನೋಡಿ.’ ಅದರ ಕೆಳಗೆ ಇನ್ನೊಬ್ಬನ ಉತ್ತರ: ‘ಇನ್ನೊಂದ್ನ ಪಾಪುನೇ ತಿಂದ್ಬುಟ್ಟೈತೆ ಬುಡ್ಲಾ.’

ನಾನು ನಗುತ್ತ ಚಿತ್ರವನ್ನು ಬೆರಳಿನಿಂದ ಹಿಗ್ಗಿಸಿದೆ. ಇಷ್ಟು ದಿನ ಮುಖ ನೋಡಿದ್ದೆನೇ ಹೊರತು ಕುದುರೆಯನ್ನು ನೋಡಿರಲಿಲ್ಲ. ಒಂದು ಕಿವಿ ಇತ್ತು. ಇನ್ನೊಂದು ಇರಬೇಕಾದ ಜಾಗದಲ್ಲಿ ಗುಂಡನೆಯ ಕಪ್ಪು ತೂತು.

ನಗು ಅಲ್ಲೇ ನಿಂತಿತು. ಅಪ್ಪ ನೂರು ಸಲ ಹೇಳಿದ ಕಥೆ ಕಿವಿಯಲ್ಲಿ ಕೇಳಿಸಿತು. ಫೋಟೋ ಚೆನ್ನಾಗಿ ಬಿತ್ತು, ಆಮೇಲೆ ನಂಜುಂಡ ಕಿವಿ ಕಿತ್ತ. ಹಾಗಾದರೆ ಅಣ್ಣನ ಫೋಟೋದಲ್ಲಿ ಕುದುರೆಗೆ ಎರಡು ಕಿವಿ ಇರಬೇಕು. ಒಂಟಿಕಿವಿಯ ಕುದುರೆಯ ಮೇಲೆ ಕೂತದ್ದು ಅವನಾದ ಮೇಲೆ ಆ ಸ್ಟುಡಿಯೋಗೆ ಹೋದ ಮಗು. ನಮ್ಮ ಮನೆಯಿಂದ ಅವನಾದ ಮೇಲೆ ಹೋದ ಮಗು ಒಂದೇ.

ಇಳಿಯಬೇಕಾದ ಚನ್ನಪಟ್ಟಣ ದಾಟಿ ಹೋಯಿತು. ಮುಂದಿನ ಸ್ಟೇಷನ್ನಿನ ಕಲ್ಲುಬೆಂಚಿನ ಮೇಲೆ ಕೂತು ಎಷ್ಟೋ ಹೊತ್ತು ಆ ಮುಖವನ್ನು ನೋಡಿದೆ. ಬೆಳಿಗ್ಗೆ ಬೆಳಿಗ್ಗೆ ಬಂದು ಕರೆಯುತ್ತಿದ್ದವಳು ನಾನೇ ಏನು? ಗಣಿತದ ಮೇಷ್ಟ್ರಿಗೆ ಮೀಟಿಂಗಿನ ಬೇಸರ ಕಳೆದವಳು, ಪಾಯಸ ಸಿಗದವರ ಜೊತೆ ಕೂತವಳು ನಾನೇ ಏನು? ಹುತ್ತದೊಳಗೆ ಹುಡುಕಿದ್ದೇ ಬಂತು. ಸಂತೋಷಕ್ಕೆ ಒಬ್ಬಳೇ ನಕ್ಕೆ.

ಅಂದು ಅವ್ವನ ಮನೆಗೆ ಹೋಗದೆ ವಾಪಸು ಬಂದೆ. ಹೇಳಬೇಕೋ ಬೇಡವೋ ತಿಳಿಯಲಿಲ್ಲ. ಹೇಳಿದರೆ ಅಣ್ಣನ ಅಂಗಡಿಯ ಮುಂದಿನ ಪಾಪು ಸುಳ್ಳಾಗುತ್ತದೆ. ಈಗಷ್ಟೇ ಬೊಂಬೆಗಳ ಮೇಲಿನ ಧೂಳು ತಾನಾಗಿ ಹೋಗಿದೆ. ಇನ್ನೊಂದು ಭಯ ಅದಕ್ಕಿಂತ ಹತ್ತಿರದ್ದು. ಅವ್ವ ನೋಡಿ ‘ಅಲ್ಲ, ಇದು ನೀನಲ್ಲ’ ಎಂದುಬಿಟ್ಟರೆ? ಗೆದ್ದಲು ಒಂದು ಸಲ ತಿಂದಿತ್ತು, ಎರಡನೇ ಸಲ ತಿನ್ನುವುದನ್ನು ನಾನು ತಡೆಯಲಾರೆ. ಹೀಗೆ ಮುಖವನ್ನು ಪರ್ಸಿನಲ್ಲಿಟ್ಟುಕೊಂಡು ಕೆಲವು ದಿನ ಶಾಲೆಗೆ ಹೋಗಿ ಬಂದೆ. ತರಗತಿಯಲ್ಲಿ ಪಾಠದ ನಡುವೆ ಸುಮ್ಮನೆ ನಿಂತುಬಿಡುತ್ತಿದ್ದೆ. ಮಕ್ಕಳಿಗೆ ಅದು ಅಭ್ಯಾಸವಾಗಿರುವುದರಿಂದ ಯಾರೂ ವಿಚಾರಿಸಲಿಲ್ಲ.

ಮುಂದಿನ ಭಾನುವಾರ ತಡೆಯಲಾಗದೆ ಹೋದೆ. ಮುದ್ದೆ ಬಸ್ಸಾರಿನ ಊಟ ಮುಗಿದಿತ್ತು. ಅವ್ವ ಜಗಲಿಯಲ್ಲಿ ಕಾಲು ಚಾಚಿ ಎಲೆಯಡಿಕೆ ಹಾಕಿಕೊಳ್ಳುತ್ತಿದ್ದಳು. ಅಣ್ಣ ಅಂಗಡಿಗೆ ಹೊರಡುವವನು ಬೀಗದ ಕೈಗೊಂಚಲು ಹಿಡಿದು ನಿಂತಿದ್ದ.

‘ಅಣ್ಣ, ನೀನು ಕುದ್ರೆ ಕಿವಿ ಕಿತ್ತಿದ್ದು ಫೋಟೋ ಹೊಡೆಯೋಕೆ ಮುಂಚೇನೋ, ಆಮೇಲೋ?’

‘ಆಮೇಲೇ ಕಣವ್ವ ಸುಸೀಲಾ. ಅಪ್ಪ ಏಟ್ ಸಲ ಹೇಳಿಲ್ಲ? ಫೋಟೋ ಬಿದ್ಮೇಲೆ ನನ್ ಕೈ ಬಿತ್ತು’ ಎಂದು ಅವನು ಗೊಂಚಲನ್ನು ಹೆಮ್ಮೆಯಿಂದ ಅಲ್ಲಾಡಿಸಿದ.

‘ಹಂಗಾರೆ ಇದ್ನ ಒಸಿ ನೋಡು’ ಎಂದು ಫೋನು ಕೊಟ್ಟೆ.

ಅಣ್ಣ ನೋಡಿದ. ಕಾವ್ಯ ಅವನ ಭುಜದ ಮೇಲಿಂದ ಬಗ್ಗಿ ಚಿತ್ರವನ್ನು ಹಿಗ್ಗಿಸಿದಳು. ಅವಳಿಗೇ ಮೊದಲು ಹೊಳೆದದ್ದು. ‘ಅಪ್ಪಾ, ಇದು ನೀನಲ್ಲ. ಕಿವಿ ಆಗ್ಲೇ ಇಲ್ಲ ನೋಡು. ಇದು ಅತ್ತೆ!’

ಅಣ್ಣ ಒಮ್ಮೆ ನನ್ನ ಮುಖ ನೋಡಿದ. ಗೊಂಚಲಿನಲ್ಲಿದ್ದ ಮರದ ಕಿವಿಯನ್ನು ಫೋನಿನ ಮೇಲೆ, ಆ ತೂತಿನ ಪಕ್ಕದಲ್ಲಿಟ್ಟು ನೋಡಿದ. ಆಮೇಲೆ ಫೋನನ್ನು ಅವ್ವನ ಮಡಿಲಿಗೆ ಕೊಟ್ಟು ಪಕ್ಕದಲ್ಲಿ ಕೂತ. ಅವ್ವ ಪೊರೆ ತೆಗೆಸಿದ ಕಣ್ಣಿಗೆ ಹತ್ತಿರ ಹಿಡಿದು ನೋಡಿದಳು. ಎಲೆಯಡಿಕೆ ಅಗಿಯುವುದು ನಿಂತಿತು.

‘ಗೋಡೆ ಕೆರೆದು ತೆಗ್ದಾಗ ಒಂದೇ ಉಳ್ದಿತ್ತು’ ಎಂದಳು ಕೊನೆಗೆ. ‘ನಿಮ್ಮಜ್ಜಿ ಕೈಲಿ ಇಟ್ಕಂಡು, ನಮ್ ನಂಜುಂಡ ಉಳ್ಕಂಡ, ಮೊಕದಾಗೆ ಅವರ ತಾತನ ಕಳೆ ಐತೆ ಅಂದ್ರು. ನಂಗೆ ಆವಾಗ್ಲೇ ಒಸಿ ಅನುಮಾನ ಬಂತು ಕಣವ್ವ. ಅತ್ತೆ ಮಾತು, ಹೂಂ ಅಂದ್ಬುಟ್ಟೆ. ಒಂದ್ಸಲ ಹೂಂ ಅಂದ್ಮೇಲೆ ದಿನಾ ಹೂಂ ಅನ್ಬೇಕಾಯ್ತದೆ. ಅಂದೂ ಅಂದೂ ನನ್ ಕಣ್ಗೂ ಅದು ನಂಜುಂಡನೇ ಆಗೋದ. ನಿಂಗೆ ಕೂದ್ಲು ಕಮ್ಮಿ ಕಣವ್ವ. ಚೌರಿ ಬಿಗಿಯಾಗಿ ಕಟ್ಟಿದ್ದೆ, ಭಾರಕ್ಕೆ ತಲೆ ಹಿಂದಕ್ಕೆ ಎಳೀತಿತ್ತು. ಅದ್ಕೇ ನೀನು ಹಿಂಗೆ ಕಣ್ ಮಾಡ್ತಿದ್ದೆ. ಈಗ ಎಲ್ಲಾ ನೆಪ್ಪಾಯ್ತಾ ಐತೆ.’ ಫೋನಿನ ಗಾಜನ್ನು ಸೆರಗಿನಿಂದ ಒರೆಸಿ, ‘ಹೆತ್ತೋಳು ನಾನು. ನಿನ್ ಮೊಕ ನಂಗೇ ಗುರ್ತು ಸಿಗ್ದಂಗೆ ಹೋಯ್ತಲ್ಲ’ ಎಂದಳು.

ಲೋಕವೆಲ್ಲ ಮೆಚ್ಚಿದ ಆ ತಾತ್ಸಾರ, ಆ ವೈರಾಗ್ಯ, ಎಲ್ಲ ಒಂದು ಚೌರಿಯ ಭಾರ! ಬೇರೆ ಹೊತ್ತಿನಲ್ಲಾಗಿದ್ದರೆ ನಾನು ಬಿದ್ದು ಬಿದ್ದು ನಗುತ್ತಿದ್ದೆ. ಅಂದು ಅವ್ವನ ಕೈ ಹಿಡಿದುಕೊಂಡು ಕೂತೆ. ಅವಳ ಮೇಲೆ ಸಿಟ್ಟು ಬರಬೇಕಿತ್ತೇನೋ, ಬರಲಿಲ್ಲ. ಅತ್ತೆಯ ಮಾತಿಗೆ ಹೂಂ ಎಂದು ತಮ್ಮ ಕಣ್ಣನ್ನೇ ಅನುಮಾನಿಸಿಕೊಂಡ ಸೊಸೆಯರು ಎಷ್ಟು ಗೋಡೆಗಳ ಕೆಳಗೆ ಓಡಾಡಿದ್ದಾರೋ ಎಂದು ಮಾತ್ರ ಅನ್ನಿಸಿತು.

ಅಣ್ಣ ಬೀಗದ ಕೈ ತಿರುವುತ್ತಿದ್ದ. ‘ಹಂಗಾರೆ ಗೆದ್ಲು ತಿಂದಿದ್ದು ನಂದು’ ಎಂದ. ಅವನ ಮುಖದ ನಗು ಕೆಳಗಿಳಿದದ್ದನ್ನು ನಾನು ಕಂಡದ್ದು ಅದೇ ಮೊದಲು. ‘ಐವತ್ತು ವರ್ಸ ನಿನ್ ಮೊಕ ಇಟ್ಕಂಡು ಬದುಕ್ಬುಟ್ಟೆ ಕಣವ್ವ.’

ನನ್ನ ಹಳೆಯ ನೋವನ್ನು ನಾನೇ ಎತ್ತಿಕೊಂಡು ಹೋಗಿ ಅವನ ಕೈಗಿಟ್ಟಂತಾಯಿತು. ಅವನ ಗೊಂಚಲಿನ ಕಿವಿಯನ್ನು ಹಿಡಿದು ಆ ಹಲ್ಲಿನ ಗುರುತು ತೋರಿಸಿದೆ. ‘ನಂದು ಬರೀ ಕಾಗದ ಅಣ್ಣ. ನೀನು ಪಾಪು ಆಗಿದ್ದಕ್ಕೆ ಹಲ್ಲೇ ಸಾಕ್ಷಿ ಐತೆ. ಇದ್ನ ಗೆದ್ಲೂ ತಿನ್ನಕ್ಕಿಲ್ಲ’ ಎಂದೆ. ಅವನು ಆ ಗುರುತಿನ ಮೇಲೆ ಹೆಬ್ಬೆರಳಾಡಿಸಿದ. ಅವನ ನಗು ನಿಧಾನಕ್ಕೆ ಮರಳಿತು. ‘ನಾಳೀಕೆ ಬೋರ್ಡು ಬದ್ಲಾಯಿಸ್ತೀನಿ. ಪಾಪು ನಮ್ ತಂಗಿ, ಕಿವಿ ಕಿತ್ತೋನು ನಾನು ಅಂತ ಬರೆಸ್ತೀನಿ. ಜನ ಇನ್ನೂ ಜಾಸ್ತಿ ಬತ್ತಾರೆ’ ಎಂದ. ಅಂಗಡಿಯವನ ಬುದ್ಧಿ ಅಂಗಡಿಯವನದೇ.

ಅಷ್ಟರಲ್ಲಿ ಅವ್ವ ಸೆರಗು ಸಿಕ್ಕಿಸಿಕೊಂಡು ಎದ್ದಿದ್ದಳು. ‘ಅಯ್ಯೋ ಸಿವನೆ, ಇಷ್ಟು ದಿನ ಇವನ್ಗೆ ತೆಗ್ದೆನಲ್ಲ! ಬಿದ್ದಿದ್ದೆಲ್ಲಾ ನಿನ್ ಮ್ಯಾಲೆ. ಕೂತ್ಕ ಇಲ್ಲಿ’ ಎಂದು ಮಣೆ ಹಾಕಿದಳು. ನರೆತ ತಲೆಯ ಹೈಸ್ಕೂಲು ಟೀಚರು ಮಣೆಯ ಮೇಲೆ ಕೂತಳು. ಅವ್ವ ಹಿಡಿ ತುಂಬ ಉಪ್ಪು ಮೆಣಸಿನಕಾಯಿ ಹಿಡಿದು ಸುತ್ತಿದಳು. ನಾಯಿ ಕಣ್ಣು, ನರಿ ಕಣ್ಣು, ಫೋನಿನ ಕಣ್ಣು, ಬೆಂಗಳೂರಿನ ಕಣ್ಣು. ಕೊನೆಯಲ್ಲಿ ಮೆಲ್ಲಗೆ ‘ನನ್ ಕಣ್ಣು’ ಎಂದದ್ದು ನನಗೆ ಕೇಳಿಸಿತು. ಹಿಡಿಯನ್ನು ಒಲೆಗೆ ಹಾಕಿದಳು. ದೃಷ್ಟಿಯಾಗಿದ್ದರೆ ಮೆಣಸಿನಕಾಯಿ ಘಾಟು ಬರುವುದಿಲ್ಲ ಎಂಬುದು ಅವಳ ನಂಬಿಕೆ. ನಾವೆಲ್ಲ ಕೆಮ್ಮಲು ಸಿದ್ಧರಾಗಿ ನಿಂತೆವು. ಒಲೆಯ ಕೆಂಡ ಆರಿತ್ತೋ ಏನೋ, ಘಾಟೇ ಬರಲಿಲ್ಲ. ‘ನೋಡುದ್ರಾ, ನೋಡುದ್ರಾ’ ಎಂದು ಅವ್ವ ಗೆದ್ದಳು. ಹೊಗೆಯಿಲ್ಲದೆಯೂ ಎಲ್ಲರ ಕಣ್ಣಲ್ಲಿ ನೀರಿತ್ತು.

ನನಗೆ ಮಾತ್ರ ಆ ಕಣ್ಣುಗಳನ್ನೆಲ್ಲ ಬೆಂಕಿಗೆ ಹಾಕಿದ್ದು ಅನ್ಯಾಯವೆನಿಸಿತು. ಮನೆಯವರು ಯಾರೂ ನೋಡದ ಕುದುರೆಯನ್ನು ನೋಡಿದ್ದು ಅವೇ. ಕನಕಪುರದ ಆ ಹುಡುಗನ ಕಣ್ಣು ತಣ್ಣಗಿರಲಿ ಎಂದು ಮನಸ್ಸಿನಲ್ಲೇ ಹರಸಿದೆ.

ಹೊರಡುವಾಗ ಅವ್ವ ಕಾಡಿಗೆ ಡಬ್ಬಿ ತಂದಳು. ನನ್ನ ಗಲ್ಲ ಹಿಡಿದು, ಒಂದು ಕಣ್ಣು ಕಿರಿದು ಮಾಡಿ, ಫೋಟೋದಲ್ಲಿರುವ ಅದೇ ಕೆನ್ನೆಯ ಅದೇ ಜಾಗಕ್ಕೆ ಬೆರಳೊತ್ತಿದಳು. ಈ ಸಲ ಕೆನ್ನೆ ಜಾರಿಹೋಗಲಿಲ್ಲ, ಬೊಟ್ಟು ಇಟ್ಟಲ್ಲೇ ನಿಂತಿತು.

ಸಂಜೆಯ ರೈಲಿನಲ್ಲಿ ಎದುರಿಗೆ ಕಾಲೇಜಿನ ಹುಡುಗಿಯೊಬ್ಬಳು ಫೋನು ನೋಡುತ್ತ ತನ್ನಷ್ಟಕ್ಕೆ ನಗುತ್ತಿದ್ದಳು. ತಲೆಯೆತ್ತಿದವಳು ನನ್ನನ್ನು ನೋಡಿ, ‘ಆಂಟಿ, ಕೆನ್ನೆ ಮೇಲೆ ಏನೋ ಕಪ್ಪಾಗಿದೆ, ಒರೆಸ್ಕೊಳ್ಳಿ’ ಎಂದು ಕರವಸ್ತ್ರ ಚಾಚಿದಳು.

‘ಗೊತ್ತಮ್ಮ, ಇರಲಿ. ನಮ್ಮವ್ವ ಇಟ್ಟಿದ್ದು’ ಎಂದೆ.

ಅವಳು ನನ್ನ ನರೆಗೂದಲನ್ನೂ ಬೊಟ್ಟನ್ನೂ ಒಮ್ಮೆ ನೋಡಿ ಮತ್ತೆ ಫೋನಿನತ್ತ ತಿರುಗಿದಳು. ಕಿಟಕಿಯ ಗಾಜಿನಲ್ಲಿ ಅವಳ ಫೋನು ಕಾಣುತ್ತಿತ್ತು. ಅಲ್ಲಿ ನಾನು ಕುದುರೆಯ ಮೇಲೆ ಕೂತಿದ್ದೆ.